ಮೊದಲ ಸಾಲಿನ ಹೆಸರು

ನವೆಂಬರ್ 7, 2003, ಶುಕ್ರವಾರ

ಈ ಚಳಿಗಾಲದ ಮತದಾನಕ್ಕೆ 1979 ಎಂದು ತೀರ್ಮಾನವಾಯಿತು. ಅಷ್ಟು ತೀರ್ಮಾನಿಸಲು ಎರಡು ತಾಸು ಹಿಡಿಯಿತು, ಮೇಲೆ ಒಬ್ಬೊಬ್ಬರಿಗೆ ಮೂರು ಬಿಯರ್. ರೀಜಿಸ್‌ಗೆ ಮತ್ತೆ 1960 ಬೇಕಿತ್ತು. ಅದನ್ನು ಈಗಾಗಲೇ ಎರಡು ಸಲ ಅರೆದಾಗಿದೆ. ಆ ವರ್ಷದ ಬೇಸ್‌ಬಾಲ್ ಪ್ರಶಸ್ತಿ ನಮ್ಮ ತಂಡದ ಗ್ರೋಟ್‌ಗೆ ಹೋದದ್ದು ಸರಿ ಎಂದು ನಾನು, ಅದೇ ತಂಡದ ಕ್ಲೆಮೆಂಟೆಯನ್ನು ಎಂಟನೆಯ ಸ್ಥಾನಕ್ಕೆ ತಳ್ಳಿದ್ದು ಪಾಪ ಎಂದು ಲೆರಾಯ್. ಇನ್ನೊಂದು ಸಲ ಶುರುವಾದರೆ ಲೆರಾಯ್ ಕುರ್ಚಿ ಎತ್ತುತ್ತಾನೆ. ಹಿಂದಿನ ಸಲ ಗ್ರೋಟ್ ಮೂರು ಅಂಕದಲ್ಲಿ ಗೆದ್ದಾಗ ಲೆರಾಯ್ ಒಂದು ವಾರ ಕ್ಲಬ್ಬಿಗೆ ಬರಲಿಲ್ಲ, ನನ್ನ ಹೆಂಡತಿ ಡೊಲೊರೆಸ್ ಎರಡು ದಿನ ಮಾತು ಬಿಟ್ಟಿದ್ದಳು. ನಮ್ಮ ಅಡುಗೆಮನೆಯ ಗೋಡೆಯಲ್ಲಿ ಯೇಸುವಿನ ಪಕ್ಕದಲ್ಲೇ ಕ್ಲೆಮೆಂಟೆಯ ಪಟ ಇದೆ. ಯಾವುದಕ್ಕೆ ಹೆಚ್ಚು ಧೂಳು ಒರೆಸುತ್ತಾಳೆ ಎಂದು ನಾನು ಹೇಳಲಾರೆ.

1979 ಆಗಬಹುದು. ನಮ್ಮ ಮತದಾನ ಹುಟ್ಟಿದ್ದೇ ಆ ವರ್ಷದ ಜಗಳದಿಂದ. ಪತ್ರಕರ್ತರ ಅಂಕಗಳು ಸಮಸಮ ಬಿದ್ದು, ಅತ್ಯಮೂಲ್ಯ ಆಟಗಾರನ ಪ್ರಶಸ್ತಿಯನ್ನು ನಮ್ಮ ಪಿಟ್ಸ್‌ಬರ್ಗ್‌ನ ಸ್ಟಾರ್ಜೆಲ್‌ಗೂ ಸೇಂಟ್ ಲೂಯಿಯ ಹೆರ್ನಾಂಡೆಜ್‌ಗೂ ಹಂಚಿಬಿಟ್ಟರು. ನಾಲ್ಕು ಜನ ಪತ್ರಕರ್ತರು ತಮ್ಮ ಚೀಟಿಯ ಹತ್ತು ಹೆಸರುಗಳಲ್ಲಿ ಸ್ಟಾರ್ಜೆಲ್‌ನನ್ನು ಎಲ್ಲೂ ಬರೆದಿರಲಿಲ್ಲ. ಹತ್ತನೆಯವನಾಗಿಯೂ ಇಲ್ಲ. ಆ ಚಳಿಗಾಲವೇ ಉಕ್ಕಿನ ಕಾರ್ಖಾನೆಯ ನಾವು ಹತ್ತೊಂಬತ್ತು ಜನ ಈ ಕ್ಲಬ್ಬಿನಲ್ಲಿ ಕೂತು, ಪತ್ರಕರ್ತರ ಕ್ರಮದಲ್ಲೇ ಹತ್ತು ಹೆಸರಿನ ಚೀಟಿ ಬರೆದು, ಮೊದಲನೆಯವನಿಗೆ ಹದಿನಾಲ್ಕು, ಎರಡನೆಯವನಿಗೆ ಒಂಬತ್ತು, ಮುಂದೆ ಎಂಟು, ಏಳು ಎಂದು ಅಂಕ ಹಾಕಿ, ಸ್ಟಾರ್ಜೆಲ್‌ನನ್ನು ಗೆಲ್ಲಿಸಿದೆವು. ಅಲ್ಲಿಂದ ಪ್ರತಿ ಚಳಿಗಾಲ ಒಂದು ಹಳೆಯ ವರ್ಷ. ಈಗ ಉಳಿದಿರುವುದು ನಾಲ್ಕೇ ಜನ: ನಾನು, ಲೆರಾಯ್, ರೀಜಿಸ್, ಸ್ಟುಷ್.

ಚೀಟಿಗಳನ್ನು ನನ್ನ ಹಳೆಯ ತಗಡಿನ ಬುತ್ತಿಡಬ್ಬಿಯಲ್ಲಿ ಹಾಕುತ್ತೇವೆ. ಡಬ್ಬಿ ನಮ್ಮ ಮನೆಗೆ ಬರುತ್ತದೆ, ಡೊಲೊರೆಸ್ ಎಣಿಸುತ್ತಾಳೆ, ಮುಂದಿನ ಶುಕ್ರವಾರ ಫಲಿತಾಂಶ. ಅವಳಿಗೆ ಮತವಿಲ್ಲ, ಆದ್ದರಿಂದ ಅವಳ ಲೆಕ್ಕಕ್ಕೆ ಯಾರೂ ಎದುರಾಡುವುದಿಲ್ಲ. ಆದರೆ ಆಟದ ಮೇಲೆ ಅವಳ ಗಮನ ಅಷ್ಟಕ್ಕಷ್ಟೇ. ಪ್ರತಿ ವರ್ಷ ಚೀಟಿ ಹಾಕಿ ಬಂದು ಊಟಕ್ಕೆ ಕೂತರೆ, "ಮೊದಲನೆಯವನು ಯಾರು ಅಂದೆ?" ಎಂದು ಕೇಳುತ್ತಾಳೆ. ಮೂರು ತಿಂಗಳು ಆ ಹೆಸರನ್ನು ಮನೆಯಲ್ಲಿ ಕೂಗಿ ಕೂಗಿ ನನ್ನ ಗಂಟಲು ಕಟ್ಟಿರುತ್ತದೆ. ಆಮೇಲೆ ಈ ಪ್ರಶ್ನೆ.

ಈ ಪುಸ್ತಕ ನರ್ಸ್ ಕೊಟ್ಟದ್ದು, ಔಷಧಿಯ ಹೊತ್ತು ಬರೆದಿಡಲು. ಡೊಲೊರೆಸ್‌ಳ ವರದಿ ಮಂಗಳವಾರ ಬಂತು. ಹೊಟ್ಟೆಯಲ್ಲಿದ್ದದ್ದು ಲಿವರ್‌ಗೂ ಹಬ್ಬಿದೆ.

ನವೆಂಬರ್ 14, ಶುಕ್ರವಾರ

ರೀಜಿಸ್ ಇವತ್ತು ಹೊಸ ವರಸೆ ತೆಗೆದ. ಸ್ಟಾರ್ಜೆಲ್ ಅಲ್ಲ, ಹೆರ್ನಾಂಡೆಜ್ ಅಲ್ಲ, ಸ್ಯಾನ್ ಡಿಯೇಗೊದ ವಿನ್‌ಫೀಲ್ಡ್ ಅಂತೆ.

"ಮೂವತ್ತನಾಲ್ಕು ಹೋಮ್ ರನ್ ಹೊಡ್ದಿದಾನೆ ಕಣ್ರೋ. ಸುತ್ತ ಆಡೋರು ಒಬ್ರೂ ನೆಟ್ಟಗಿಲ್ಲ. ಅಂಥಾ ತಂಡನ ಹೆಗಲ ಮೇಲೆ ಹೊತ್ತಿದ್ದ."

"ಹೊತ್ಕೊಂಡು ಎಲ್ಲಿಗೆ ಹೋದ? ಐದನೇ ಜಾಗಕ್ಕೆ. ಅವನು ಇಲ್ದಿದ್ರೆ ಎಲ್ಲಿಗೆ ಹೋಗೋರು? ಐದನೇ ಜಾಗಕ್ಕೇ," ಎಂದೆ. "ಸೋಲೋ ಮನೇಲಿ ಎಷ್ಟು ಬೆವರು ಸುರಿಸಿದ್ರೆ ಏನು ಬಂತೋ? ಬೆಲೆ ಅಂದ್ರೆ ಗೆಲುವು. ಸ್ಟಾರ್ಜೆಲ್‌ಗೆ ಮೂವತ್ತೊಂಬತ್ತು ವಯಸ್ಸು, ಮಂಡಿ ಸವೆದಿತ್ತು, ಆದ್ರೂ ಇಡೀ ತಂಡನ ಗೆಲ್ಲಿಸಿದ. ಒಬ್ಬೊಬ್ಬನ ಟೋಪಿಗೂ ನಕ್ಷತ್ರ ಅಂಟಿಸಿ ಅಂಟಿಸಿ ಹುರಿದುಂಬಿಸಿದ."

"ನಕ್ಷತ್ರ ಅಂಟಿಸೋರಿಗೆ ಪ್ರಶಸ್ತಿ ಅಂದ್ರೆ ನಮ್ಮ ಒಂದನೇ ಕ್ಲಾಸಿನ ಸಿಸ್ಟರ್‌ಗೂ ಕೊಡ್ಬೇಕು," ಎಂದ ರೀಜಿಸ್.

ಲೆರಾಯ್ ನನ್ನ ಕಡೆ. ಅಪರೂಪ. ಸ್ಟುಷ್ ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪ. "ನೋಡೋಣ" ಎಂದ. ಐವತ್ತು ವರ್ಷದಿಂದ ನೋಡುತ್ತಲೇ ಇದ್ದಾನೆ.

ಡಾಕ್ಟರ್ ಕೂಡ ಸ್ಟುಷ್‌ನ ಜಾತಿಯವನು. ಕೀಮೋ ಕೊಟ್ಟರೆ ಕೆಲವು ತಿಂಗಳು ಸಿಗಬಹುದು, ಸಿಗದೆಯೂ ಇರಬಹುದು, ಅದು ಅವರವರ ಶರೀರ ಎಂದ. ಕೊಡೋಣ ಎಂದು ನಾನೇ ಹೇಳಿಬಂದೆ.

ನವೆಂಬರ್ 20

ವಾಂತಿ ನಿಲ್ಲುವ ಮಾತ್ರೆ ತರಲು ಹೋದೆ. ಬ್ರೆಡ್ಡು, ಹಾಲು, ಬಲ್ಬು, ಹಕ್ಕಿಗೆ ಕಾಳು, ಇಷ್ಟು ಹಿಡಿದು ಮನೆಗೆ ಬಂದೆ. ಮಾತ್ರೆ ಇಲ್ಲ. ಅದಕ್ಕೆಂದೇ ಹೋದವನು.

ಡೊಲೊರೆಸ್ ನಕ್ಕಳು. ಈ ವಾರದಲ್ಲಿ ಮೊದಲ ಸಲ. "ನೀನು ಯಾವತ್ತೂ ಹೀಗೇ ಎಮಿಲ್. ತಲೇಲಿ ಗಟ್ಟಿಯಾಗಿ ಕೂತಿರೋದು ಕೈಗೆ ಬರಲ್ಲ ನಿಂಗೆ."

"ಚೀಟಿ ಬರ್ಕೊಟ್ಟಿದ್ರೆ ತರ್ತಿದ್ದೆ."

"ಇನ್ನೂ ಎಷ್ಟು ದಿನ ನಾನು ಬರ್ಕೊಡ್ಲಿ?"

ಮತ್ತೆ ಗಾಡಿ ತೆಗೆದುಕೊಂಡು ಹೋದೆ.

ನವೆಂಬರ್ 28, ಶುಕ್ರವಾರ

ನಿನ್ನೆ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಟರ್ಕಿ ಕೋಳಿ ಮಾಡಲಿಲ್ಲ. ಲೆರಾಯ್‌ನ ಹೆಂಡತಿ ಒಡೆಸ್ಸಾ ಒಂದು ಪಾತ್ರೆ ಮೆಕರೋನಿ ಚೀಸ್ ಕಳಿಸಿದ್ದಳು. ಡೊಲೊರೆಸ್ ಎರಡು ಚಮಚ ತಿಂದಳು, ಎರಡೂ ನಿಲ್ಲಲಿಲ್ಲ. ಕೀಮೋ ಒಂದೇ ಸುತ್ತು ಆಗಿರುವುದು, ಕೈ ಹಿಡಿದರೆ ಕಡ್ಡಿ ಹಿಡಿದ ಹಾಗಿದೆ.

ಇವತ್ತು ಬೆಳಿಗ್ಗೆ ಹೇಳಿಬಿಟ್ಟಳು. "ಸಾಕು. ಇನ್ನು ಆ ಕುರ್ಚೀಲಿ ಹೋಗಿ ಕೂರಲ್ಲ."

ನಾನು ರೇಗಿದೆ. ರೇಗಬಾರದಿತ್ತು. ಇಷ್ಟಕ್ಕೇ ಕೈಚೆಲ್ಲುತ್ತೀಯಾ, ಹೋರಾಡದೆ ಯಾರು ಗೆದ್ದಿದ್ದಾರೆ ಎಂದು ಏನೇನೋ ಅಂದೆ. ಕುಲುಮೆಯ ಮುಂದೆ ನಿಂತು ಮೂವತ್ತು ವರ್ಷ ಕೂಗಿ ಅಭ್ಯಾಸವಾದ ಗಂಟಲು, ಮನೆಯಲ್ಲೂ ಇಳಿಯುವುದಿಲ್ಲ.

ಎಲ್ಲ ಮುಗಿಯುವವರೆಗೆ ಕಾದಳು. ಆಮೇಲೆ ಮೆಲ್ಲಗೆ, "ಔಷಧಿ ಇದ್ರೂ ಐದನೇ ಜಾಗ, ಇಲ್ದಿದ್ರೂ ಐದನೇ ಜಾಗ. ನಿನ್ನ ಮಾತೇ ಕಣೋ," ಎಂದಳು.

ಅವಳು ಕೇಳಿಸಿಕೊಂಡಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಕ್ಲಬ್ಬಿನ ಆ ಜಗಳದ ಮಾರನೆಯ ದಿನ ನಾನು ಫೋನಿನಲ್ಲಿ ರೀಜಿಸ್ ಜೊತೆ ಅದನ್ನೇ ಮತ್ತೆ ಕೂಗಾಡುತ್ತಿದ್ದೆ, ಅವಳು ಒಳಗಿನ ಕೋಣೆಯಲ್ಲಿ ಮಲಗಿದ್ದಳು.

ಕ್ಲಬ್ಬಿಗೆ ಹೋಗಲಿಲ್ಲ.

ಡಿಸೆಂಬರ್ 5

ಮುಂದಿನ ಕೋಣೆಯಲ್ಲಿ ಆಸ್ಪತ್ರೆಯ ಮಂಚ ಹಾಕಿದರು. ಸೋಫಾವನ್ನು ಲೆರಾಯ್ ಮತ್ತು ಸ್ಟುಷ್ ಹಿಂದಿನ ವರಾಂಡಕ್ಕೆ ಹೊತ್ತು ಹಾಕಿದರು. ಕಿಟಕಿಯಿಂದ ಕೆಳಗೆ ನದಿ, ಕಾರ್ಖಾನೆ ಇದ್ದಲ್ಲಿ ಉಳಿದಿರುವ ಹನ್ನೆರಡು ಚಿಮಣಿ. ಮಂಚವನ್ನು ಆ ಕಡೆ ತಿರುಗಿಸಲೇ ಎಂದು ಕೇಳಿದೆ. "ಬೇಡ. ಅಡುಗೆಮನೆ ಕಡೆ ತಿರುಗ್ಸು. ನೀನು ಗ್ಯಾಸ್ ಆರಿಸ್ತೀಯೋ ಇಲ್ವೋ ನೋಡ್ಬೇಕು," ಎಂದಳು.

ಡಿಸೆಂಬರ್ 12

ನರ್ಸ್ ವಾರಕ್ಕೆ ಮೂರು ದಿನ. ನೋವಿನ ಔಷಧಿ 8, 12, 4, 8.

ಡಿಸೆಂಬರ್ 19, ಶುಕ್ರವಾರ

ಡೊಲೊರೆಸ್ ಚೀಟಿ ತಯಾರಿಸಿದಳು. ಮಡಿಲಲ್ಲಿ ತಟ್ಟೆ ಇಟ್ಟುಕೊಂಡು, ಸ್ಕೇಲು ಹಿಡಿದು, ನಾಲ್ಕು ಚೀಟಿಗೂ ಹತ್ತತ್ತು ಗೆರೆ, ಗೆರೆಗೊಂದು ಅಂಕಿ. ನಾನು ಹಾಕುತ್ತೇನೆ ಎಂದರೆ ಕೇಳಲಿಲ್ಲ. ಇಡೀ ಬೆಳಿಗ್ಗೆ ಹಿಡಿಯಿತು. ಮೂರನೆಯ ಚೀಟಿಯಿಂದ ಗೆರೆಗಳು ಇಳಿಜಾರಾಗಿವೆ.

"ಎಣಿಸೋಕೆ ಈ ವರ್ಷ ನನ್ ಕೈಲಿ ಆಗಲ್ಲ. ರೀಜಿಸ್‌ಗೆ ಹೇಳು, ಅಲ್ಲೇ ಎಣಿಸ್ಲಿ," ಎಂದಳು.

"ಜನವರಿ ಕೊನೇಲಿ ತಾನೇ. ಅಷ್ಟೊತ್ತಿಗೆ ನೀನೇ…"

"ಎಮಿಲ್."

ಚೀಟಿಗಳನ್ನು ಜೋಡಿಸಿ ನನ್ನ ಕೈಗಿಟ್ಟಳು. "ಹಾಕೋ ಮುಂಚೆ ಚೀಟಿನ ಒಂದ್ಸಲ ಮೇಲಿಂದ ಓದು. ಮೇಲಿಂದ."

ಇಪ್ಪತ್ತನಾಲ್ಕು ವರ್ಷ ಚೀಟಿ ಬರೆದವನಿಗೆ ಈ ಪಾಠ. ಆಗಲಿ ಎಂದೆ.

ಡಿಸೆಂಬರ್ 24

ಕ್ರಿಸ್‌ಮಸ್ ಹಿಂದಿನ ಸಂಜೆಯ ಊಟ ನಾನೇ ಮಾಡಿದೆ. ಅಣಬೆಯ ಹುಳಿಸಾರು ತಳ ಹಿಡಿಯಿತು. ಸಣ್ಣ ಹಿಟ್ಟಿನುಂಡೆಗಳನ್ನು ಅಂಗಡಿಯಿಂದ ತಂದೆ. ನಮ್ಮಮ್ಮ ಇದ್ದಿದ್ದರೆ ಬಾಗಿಲಾಚೆ ನಿಲ್ಲಿಸುತ್ತಿದ್ದಳು. ಪದ್ಧತಿಯಂತೆ ಮೇಜುಬಟ್ಟೆಯ ಕೆಳಗೆ ಹುಲ್ಲು ಹಾಸಿದೆ. ಬೆಳ್ಳುಳ್ಳಿ, ಜೇನುತುಪ್ಪ ಇಟ್ಟೆ. ಮೇಜನ್ನು ಮಂಚದ ಪಕ್ಕಕ್ಕೆ ಎಳೆದೆ.

ಊಟಕ್ಕೆ ಮುಂಚೆ ಮನೆಯ ಹೆಂಗಸು ಎಲ್ಲರ ಹಣೆಗೆ ಜೇನಿನಲ್ಲಿ ಶಿಲುಬೆ ಎಳೆಯಬೇಕು. ಎಲ್ಲರೂ ಎಂದರೆ ನಾನೊಬ್ಬನೇ, ನಮಗೆ ಮಕ್ಕಳಿಲ್ಲ. ನಾನು ಬಗ್ಗಿದೆ. ಅವಳ ಹೆಬ್ಬೆರಳು ನನ್ನ ಹಣೆಯವರೆಗೆ ಬರಲಿಲ್ಲ. ಮಣಿಕಟ್ಟು ಹಿಡಿದು ನಾನೇ ಮೇಲೆತ್ತಿದೆ. ಉದ್ದ ಗೆರೆ ಎಳೆದಳು. ಅಡ್ಡ ಗೆರೆಗೆ ಶಕ್ತಿ ಸಾಲಲಿಲ್ಲ, ಕೈಯನ್ನು ನಾನೇ ಆಡಿಸಿದೆ.

ಆಮೇಲೆ ಅವಳ ಹಣೆಗೆ ನಾನು ಎಳೆದೆ. ಐವತ್ತು ವರ್ಷ ಹತ್ತಿರದ ಸಂಸಾರದಲ್ಲಿ ಇದೇ ಮೊದಲು. ಗಂಡಸು ಎಳೆಯಬಾರದೆಂದು ನಿಯಮವಿದೆಯೋ ಏನೋ, ಪಾದ್ರಿಯನ್ನು ಕೇಳಲು ಹೋಗುವುದಿಲ್ಲ.

ಹಣೆ ಅಂಟಂಟಾಗಿಯೇ ಇದೆ. ತೊಳೆಯಲು ಮನಸ್ಸಿಲ್ಲ.

ಜನವರಿ 9, 2004, ಶುಕ್ರವಾರ

ಒಡೆಸ್ಸಾ ಬಂದು ಇವಳ ಬಳಿ ಕೂತಳು, ನನ್ನನ್ನು ಹೊರಗೆ ಅಟ್ಟಿದಳು. ಈಗ ನಾವು ಮಧ್ಯಾಹ್ನವೇ ಸೇರುವುದು. ಕತ್ತಲಲ್ಲಿ ಗಾಡಿ ಓಡಿಸುವ ಕಣ್ಣು ಯಾರಿಗೂ ಉಳಿದಿಲ್ಲ.

ರೀಜಿಸ್ ಅಂಕಿ ಅಂಶಗಳ ಹಾಳೆ ಹಿಡಿದು ಬಂದಿದ್ದ. ಈಗ ಅವನ ಮತ ಪೂರ್ತಿ ಹೆರ್ನಾಂಡೆಜ್‌ಗೆ. ಆ ವರ್ಷ ಬ್ಯಾಟಿಂಗ್ ಸರಾಸರಿಯಲ್ಲಿ ಅವನೇ ಮೊದಲು, ಹೆಚ್ಚುಕಮ್ಮಿ ಎಲ್ಲ ದಿನವೂ ಆಡಿದ್ದಾನೆ. ಸ್ಟಾರ್ಜೆಲ್ ವಾರಕ್ಕೊಂದು ದಿನ ಮಂಡಿ ಹಿಡಿದುಕೊಂಡು ಬೆಂಚಿನ ಮೇಲೆ ಕೂತಿದ್ದ. ಲೆರಾಯ್ ಮೇಜು ಗುದ್ದಿದ.

"ಬೆಂಚ್ ಮೇಲೆ ಕೂತಿದ್ರೂ ಅವನು ಅಲ್ಲಿದಾನೆ ಅನ್ನೋದೇ ಸಾಕಾಗಿತ್ತು ಕಣಯ್ಯ. ನಿನ್ನ ಹಾಳೇಲಿ ಅದಕ್ಕೆ ಯಾವ ಕಾಲಂ ಇದೆ ತೋರ್ಸು."

"ಕಾಲಂ ಇಲ್ಲದ್ದನ್ನ ಎಣಿಸೋದು ಹೇಗೆ?"

"ಅದಕ್ಕೇ ಆ ನಾಲ್ಕು ಜನ ದಡ್ಡರು ಅವನ ಹೆಸರೇ ಬರೀಲಿಲ್ಲ. ನಿನ್ನಂಥೋರೇ."

ಲೆರಾಯ್ ನನ್ನ ಕಡೆ ನೋಡಿದ. ನಾನು ಮಾತು ಸೇರಿಸಬೇಕಿತ್ತು. ನಾನು ಆ ಹಾಳೆಯಲ್ಲಿ ವಿನ್‌ಫೀಲ್ಡ್‌ನ ಸಾಲು ಓದುತ್ತಿದ್ದೆ. ಸೆಪ್ಟೆಂಬರ್ ಹೊತ್ತಿಗೆ ಅವನ ತಂಡ ಇಪ್ಪತ್ತು ಪಂದ್ಯದಷ್ಟು ಹಿಂದಿತ್ತು. ಮೇಲೇರುವ ದಾರಿಯೇ ಇರಲಿಲ್ಲ. ಆದರೂ ದಿನಾ ಬಂದು ಟೋಪಿ ಹಾಕಿಕೊಂಡು ಆಡಿದ್ದಾನೆ. ಬೆಳಿಗ್ಗೆ ಎದ್ದು ಷೂ ಕಟ್ಟುವಾಗ ತನಗೆ ತಾನು ಏನು ಹೇಳಿಕೊಳ್ಳುತ್ತಿದ್ದನೋ.

ಕೇಳಿದ್ದಕ್ಕೆ ಗಂಟಲು ಕಟ್ಟಿದೆ ಎಂದೆ.

ಜನವರಿ 18, ಭಾನುವಾರ

ನರ್ಸ್ ಭಾನುವಾರ ಬರುವುದಿಲ್ಲ. ಮೈ ಒರೆಸುವುದು, ಹಾಸಿಗೆ ಬದಲಿಸುವುದು ನನ್ನ ಕೆಲಸ. ಈಗ ಚೆನ್ನಾಗಿ ಬರುತ್ತದೆ. ಮೊದಲು ಒಂದು ಪಕ್ಕಕ್ಕೆ ಹೊರಳಿಸಿ ಹಳೆಯ ಹಾಸನ್ನು ಬೆನ್ನಿನವರೆಗೆ ಸುರುಳಿ ಮಾಡಬೇಕು, ಹೊಸದನ್ನು ಅದರ ಬೆನ್ನಿಗೇ ಹಾಸಬೇಕು, ಆಮೇಲೆ ಇನ್ನೊಂದು ಪಕ್ಕಕ್ಕೆ. ನೀರು ಮೊಣಕೈ ತಾಳುವಷ್ಟು ಬಿಸಿ. ಹಿಮ್ಮಡಿಯ ಕೆಳಗೆ ಸಣ್ಣ ದಿಂಬು ಇಡದಿದ್ದರೆ ಚರ್ಮ ಸುಲಿಯುತ್ತದೆ.

ಒಂದು ಗಂಟೆಯ ಕೆಲಸ. ಮುಗಿಸುವಷ್ಟರಲ್ಲಿ ಮತ್ತೆ ಒದ್ದೆ ಮಾಡಿಕೊಂಡಳು. ಅತ್ತಳು. ನಾನು ಮತ್ತೆ ಶುರುಮಾಡಿದೆ.

ಇದರಿಂದ ಏನೂ ಬದಲಾಗುವುದಿಲ್ಲ. ನನಗೆ ಗೊತ್ತು. ನಾನು ಇಲ್ಲದಿದ್ದರೂ ಫೆಬ್ರುವರಿ, ಇದ್ದರೂ ಫೆಬ್ರುವರಿ ಎಂದು ನರ್ಸ್‌ನ ಮುಖ ಹೇಳುತ್ತದೆ. ಬಟ್ಟೆ ಹಿಂಡುವಾಗಲೆಲ್ಲ ಆ ಯೋಚನೆ ಬರುತ್ತದೆ. ಆದರೂ ಬಟ್ಟೆ ಹಿಂಡುತ್ತೇನೆ.

ಸಂಜೆ ಅವಳು ಕಣ್ಣು ಬಿಟ್ಟಾಗ ಸುಮ್ಮನೆ ಕೇಳಿದೆ. "1960ರಲ್ಲಿ ಯಾರಿಗೆ ಕೊಡ್ಬೇಕಿತ್ತು, ನಿನ್ ಪ್ರಕಾರ?"

"ಇಷ್ಟ್ ವರ್ಷಕ್ಕೆ ಈಗ ಕೇಳ್ತಿದೀಯ," ಎಂದಳು. ಗೋಡೆಯ ಪಟದ ಕಡೆ ನೋಡಿದಳು. "ಕ್ಲೆಮೆಂಟೆಗೆ. ಬೇರೆ ಯಾರಿಗೆ."

ಜನವರಿ 30, ಶುಕ್ರವಾರ

ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಹೊರಡುವಾಗ ಕೋಟು ಹಾಕಿಕೊಳ್ಳುತ್ತಿದ್ದೆ. ಡೊಲೊರೆಸ್ ಎರಡು ದಿನದಿಂದ ಹೆಚ್ಚು ಮಾತಾಡಿರಲಿಲ್ಲ. ಇದ್ದಕ್ಕಿದ್ದಂತೆ, "ಮೊದಲನೆಯವನು ಯಾರು?" ಎಂದಳು. ಇನ್ನೂ ಹೋಗಿಯೇ ಇಲ್ಲ, ಈಗಲೇ ಆ ಪ್ರಶ್ನೆ.

"ನಿಂಗೊತ್ತಿಲ್ವಾ? ನವೆಂಬರಿಂದ ಬಡ್ಕೊಳ್ತಿದೀನಿ," ಎಂದೆ. ಒಡೆಸ್ಸಾ ನನ್ನತ್ತ ಕಣ್ಣು ಬಿಟ್ಟಳು. ಹೆಸರು ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು.

ಕ್ಲಬ್ಬಿನಲ್ಲಿ ನಾಲ್ವರೂ ನಾಲ್ಕು ಮೂಲೆಗೆ ಹೋಗಿ ಬರೆದೆವು. ನನ್ನ ಪದ್ಧತಿ ಹೀಗೆ: ಮೊದಲನೆಯ ಹೆಸರಿಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಕಷ್ಟವಿರುವುದು ಎರಡರಿಂದ ಹತ್ತರವರೆಗೆ. ಆದ್ದರಿಂದ ಎರಡರಿಂದ ಶುರುಮಾಡುತ್ತೇನೆ. ಎರಡನೆಯ ಸಾಲಿಗೆ ಹೆರ್ನಾಂಡೆಜ್ ಎಂದುಕೊಂಡಿದ್ದೆ. ಪೆನ್ಸಿಲ್ ವಿನ್‌ಫೀಲ್ಡ್ ಎಂದು ಬರೆಯಿತು. ಯಾಕೋ ಅಳಿಸಲಿಲ್ಲ. ಹೆರ್ನಾಂಡೆಜ್ ಮೂರನೆಯದಕ್ಕೆ ಇಳಿದ. ಒಂಬತ್ತು, ಹತ್ತಕ್ಕೆ ಬಹಳ ಹೊತ್ತು ಹಿಡಿಯಿತು. ನಾಲ್ಕು ಗಂಟೆಯ ಔಷಧಿ ಒಡೆಸ್ಸಾ ಕೊಟ್ಟಳೋ ಇಲ್ಲವೋ ಎಂದು ಗಡಿಯಾರ ನೋಡಿದೆ. ಮಡಿಸಿದೆ, ಡಬ್ಬಿಗೆ ಹಾಕಿದೆ.

ರೀಜಿಸ್ ಅಲ್ಲೇ ಎಣಿಸಿದ. ಅವನದೂ ಸ್ಟುಷ್‌ನದೂ ಹೆರ್ನಾಂಡೆಜ್ ಮೊದಲು, ಸ್ಟಾರ್ಜೆಲ್ ಎರಡನೆಯದು. ಲೆರಾಯ್‌ನದು ಸ್ಟಾರ್ಜೆಲ್ ಮೊದಲು, ಹೆರ್ನಾಂಡೆಜ್ ಬೇಕೆಂದೇ ಹತ್ತನೆಯದು. ಕೊನೆಗೆ ನನ್ನ ಚೀಟಿ ಬಿಡಿಸಿದ.

"ಎಮಿಲ್ ಸಾಬೋಲ್. ಒಂದು…" ಎಂದು ನಿಂತ. ಕನ್ನಡಕ ತೆಗೆದ, ಹಾಕಿಕೊಂಡ. "ಒಂದು ಖಾಲಿ."

ತಮಾಷೆ ಎಂದುಕೊಂಡು ಲೆರಾಯ್ ಚೀಟಿ ಕಿತ್ತುಕೊಂಡ. ತಮಾಷೆಯಲ್ಲ. ಎರಡರಿಂದ ಹತ್ತು ತುಂಬಿವೆ. ಮೊದಲ ಗೆರೆಯ ಮೇಲೆ ಏನೂ ಇಲ್ಲ. ಇನ್ನೆಲ್ಲೂ ಸ್ಟಾರ್ಜೆಲ್‌ನ ಹೆಸರಿಲ್ಲ.

"ಇಪ್ಪತ್ತೈದು ವರ್ಷದಿಂದ ಆ ನಾಲ್ಕು ಜನಕ್ಕೆ ಉಗೀತಾ ಬಂದಿದೀನಿ," ಎಂದ ಲೆರಾಯ್. "ಐದನೆಯವನು ನನ್ ಪಕ್ಕದಲ್ಲೇ ಕೂತ್ಕೊಂಡು ಬಿಯರ್ ಕುಡೀತಿದ್ದ."

ಯಾರೂ ನಗಲಿಲ್ಲ. ನನ್ನ ಮುಖ ಹೇಗಿತ್ತೋ, ಲೆರಾಯ್ ಧ್ವನಿ ಇಳಿಸಿದ. "ಬಿಡು ಮಾರಾಯ. ಮನೇಲಿ ಹಂಗಿರುವಾಗ ಯಾರಿಗಾದ್ರೂ ಆಗುತ್ತೆ. ಇಷ್ಟ್ ವರ್ಷ ಒಂದ್ಸಲಾನಾದ್ರೂ ಆಗಿತ್ತಾ?"

ರೀಜಿಸ್ ಪೆನ್ಸಿಲ್ ನನ್ನ ಮುಂದೆ ಉರುಳಿಸಿದ. ತನ್ನ ಹೆರ್ನಾಂಡೆಜ್‌ನೇ ಸೋಲುತ್ತಾನೆಂದು ಗೊತ್ತಿದ್ದೂ ಉರುಳಿಸಿದ. "ಬರ್ದುಬಿಡೋ. ನಾವು ಯಾರೂ ನೋಡಿಲ್ಲ."

"ಬರೀಲಿ," ಎಂದ ಸ್ಟುಷ್. ಅವನು ಒಂದು ಕಡೆ ವಾಲಿದ್ದನ್ನು ಇದೇ ಮೊದಲು ನೋಡಿದ್ದು.

ಮಡಿಸಿದ ಚೀಟಿಯನ್ನು ತಿದ್ದಬಾರದು, ಖಾಲಿ ಬಿಟ್ಟ ಗೆರೆಗೆ ಸೊನ್ನೆ. 1981ರಲ್ಲಿ ಆ ನಿಯಮ ಮಾಡಿಸಿದವನು ನಾನೇ. ಪೆನ್ಸಿಲನ್ನು ಹಿಂದಕ್ಕೆ ಉರುಳಿಸಿದೆ. "ಮಡ್ಚಿದ್ ಮೇಲೆ ಆಯ್ತು. ಇಪ್ಪತ್ತನಾಲ್ಕು ವರ್ಷ ಒಂದು ಚೀಟೀಲೂ ಯಾರೂ ಕೈಯಾಡಿಸಿಲ್ಲ, ಈಗ ನಾನ್ ಶುರು ಮಾಡಲ್ಲ."

ಹೆರ್ನಾಂಡೆಜ್ ಮೂವತ್ತೇಳು, ಸ್ಟಾರ್ಜೆಲ್ ಮೂವತ್ತೆರಡು. ನನ್ನ ಹದಿನಾಲ್ಕು ಬಿದ್ದಿದ್ದರೆ ನಲವತ್ತಾರು. ಸತ್ತು ಮೂರು ವರ್ಷವಾಗುತ್ತ ಬಂದ ಸ್ಟಾರ್ಜೆಲ್‌ನನ್ನು ಅವನದೇ ಊರಿನಲ್ಲಿ ಸೋಲಿಸಿ ಮನೆಗೆ ಬಂದೆ.

ಡೊಲೊರೆಸ್ ಎಚ್ಚರವಿದ್ದಳು. ಎಷ್ಟೋ ದಿನದಿಂದ ಕಣ್ಣು ಅಷ್ಟು ತಿಳಿಯಾಗಿರಲಿಲ್ಲ.

"ಯಾರು ಗೆದ್ರು?"

"ಸ್ಟಾರ್ಜೆಲ್," ಎಂದೆ. ಬಾಯಿಗೆ ಅದೇ ಬಂತು.

"ಎಷ್ಟು?"

"ನಲವತ್ತಾರು, ಮೂವತ್ತೇಳು."

ಅವಳು ಕಣ್ಣು ಮುಚ್ಚಿದಳು. ತುಟಿ ಆಡುತ್ತಿತ್ತು. ಎಣಿಸುತ್ತಿದ್ದಳು. "ಹಾಗಿದ್ರೆ ನಿನ್ನ ಹದಿನಾಲ್ಕು ಸೇರಿದೆ."

"ಸೇರದೆ ಎಲ್ಲಿಗೋಗುತ್ತೆ?"

"ನೀನೇ ಬರ್ದೆ."

"ನನ್ ಚೀಟಿ ಇನ್ಯಾರು ಬರೀತಾರೆ?"

ನಕ್ಕಳು. ಹಲ್ಲು ಕಾಣುವ ಹಾಗೆ ನಕ್ಕಳು. ನನ್ನ ಕೈ ತಟ್ಟಿದಳು. "ಸರಿ ಬಿಡು ಎಮಿಲ್. ಇನ್ನು ಚಿಂತೆಯಿಲ್ಲ."

ಏನು ಚಿಂತೆಯೋ. ಈಗ ಮಾರ್ಫಿನ್ ಮಾತಾಡಿಸುತ್ತದೆ. ಆದರೆ ಅದಾದ ಮೇಲೆ ಆರು ಗಂಟೆ ಒಂದೇ ನಿದ್ದೆ ಮಾಡಿದ್ದಾಳೆ, ನರಳಿಲ್ಲ. ಸುಳ್ಳು ಹೇಳಿದ್ದು ಒಳ್ಳೆಯದೇ ಆಯಿತು.

ಫೆಬ್ರುವರಿ 4

ಮಾತಿಲ್ಲ. ಬಾಯಿಗೆ ಒದ್ದೆ ಸ್ಪಂಜು. 6, 8, 10, 12, 2, 4.

ಫೆಬ್ರುವರಿ 9

ಉಸಿರು ನಿಂತು ನಿಂತು ಬರುತ್ತಿದೆ. ನಿಂತಾಗ ಎಣಿಸುತ್ತೇನೆ. ಹದಿನಾಲ್ಕರವರೆಗೆ ಹೋಗಿತ್ತು.

ಫೆಬ್ರುವರಿ 11

ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ.

ಹಾಸಿಗೆ ಬದಲಿಸುತ್ತಿದ್ದೆ. ಒಂದು ಪಕ್ಕ ಮುಗಿದಿತ್ತು. ಹೊರಳಿಸಲು ಭುಜ ಹಿಡಿದಾಗ ಗೊತ್ತಾಯಿತು. ಇನ್ನೊಂದು ಪಕ್ಕವನ್ನೂ ಹಾಸಿ ಮುಗಿಸಿದೆ.

ಫೆಬ್ರುವರಿ 14, ಶನಿವಾರ

ಮಣ್ಣು ಮಾಡಿ ಬಂದೆವು. ಚರ್ಚಿನಲ್ಲಿ 'ನಿತ್ಯ ನೆನಪು' ಎಂದು ಮೂರು ಸಲ ಹಾಡುವಾಗ ಲೆರಾಯ್ ಬೇರೆ ಪಂಥದವನಾದರೂ ನಮಗಿಂತ ಗಟ್ಟಿಯಾಗಿ ಹಾಡಿದ. ಬೆಟ್ಟದ ಮೇಲಿನ ಸ್ಮಶಾನದಲ್ಲಿ ನೆಲ ಹೆಪ್ಪುಗಟ್ಟಿತ್ತು. ಪೆಟ್ಟಿಗೆಗೆ ಹೆಗಲು ಕೊಡಲು ಆರು ಜನ ಬೇಕು. ನಮ್ಮ ಗುಂಪಿನಲ್ಲಿ ನನ್ನನ್ನು ಬಿಟ್ಟರೆ ಮೂವರು, ಇನ್ನು ಮೂವರನ್ನು ಶವಾಗಾರದವರೇ ಕಳಿಸಿದರು.

ಮನೆಯಲ್ಲಿ ಎಲ್ಲರೂ ಹ್ಯಾಮ್ ಬ್ರೆಡ್ಡು ತಿಂದರು. ಎಲ್ಲರೂ ಒಳ್ಳೆಯ ಮಾತಾಡಿದರು. ಹೋದರು.

ಫೆಬ್ರುವರಿ 27

ಅಂಗಡಿಗೆ ಹೋದೆ. ಬ್ರೆಡ್ಡಿಗೆ. ಬ್ರೆಡ್ಡು ಬಿಟ್ಟು ಬಂದೆ. ಮತ್ತೆ ಹೋಗಲಿಲ್ಲ.

ಮಾರ್ಚ್ 12, ಶುಕ್ರವಾರ

ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲವೇ, ಶುಕ್ರವಾರ ಮಾಂಸವಿಲ್ಲ, ಚರ್ಚಿನ ಹಾಲ್‌ನಲ್ಲಿ ಮೀನಿನ ಊಟ. ಲೆರಾಯ್ ಬಂದು ಎಳೆದುಕೊಂಡು ಹೋದ. ಹೆಂಗಸರು ಆಲೂಗಡ್ಡೆ ಕಡುಬು ಮಾಡುತ್ತಿದ್ದರು. ಅಂಚು ಒತ್ತುವ ಮೇಜಿನಲ್ಲಿ ಡೊಲೊರೆಸ್‌ಳ ಸ್ಟೂಲಿನ ಮೇಲೆ ಬೇರೆ ಯಾರೋ ಕೂತಿದ್ದರು. ಕೂರಬೇಕಾದ್ದೇ.

ರೀಜಿಸ್ ಬುತ್ತಿಡಬ್ಬಿ ತಂದಿದ್ದ. "ಇದು ನಿಮ್ಮನೇದು. ನಿನ್ ಹತ್ರಾನೇ ಇರ್ಲಿ," ಎಂದ. ಮುಂದಿನ ಚಳಿಗಾಲ ಯಾವ ವರ್ಷ ಎಂದು ಯಾರೂ ಕೇಳಲಿಲ್ಲ. ಸ್ಟುಷ್‌ಗೆ ಹೃದಯದ ಶಸ್ತ್ರಚಿಕಿತ್ಸೆಯಂತೆ ಮುಂದಿನ ತಿಂಗಳು.

ಮಾರ್ಚ್ 13, ಶನಿವಾರ

ಈ ವರ್ಷದ ನಾಲ್ಕು ಚೀಟಿಗಳು ಡಬ್ಬಿಯೊಳಗೆ ಬಿಡಿಬಿಡಿಯಾಗಿ ಬಿದ್ದಿದ್ದವು. ಹಳೆಯವನ್ನೆಲ್ಲ ಡೊಲೊರೆಸ್ ವರ್ಷವರ್ಷದ್ದು ಬೇರೆ ಕಟ್ಟಿ, ಮೇಲೆ ಲೆಕ್ಕದ ಹಾಳೆ ಸುತ್ತಿ, ರಬ್ಬರ್ ಹಾಕಿಟ್ಟಿದ್ದಾಳೆ. ಅದೇ ರೀತಿ ಕಟ್ಟೋಣ ಎಂದು ಕೂತೆ. ಇದೂ 1979, ನಮ್ಮ ಮೊದಲ ಮತದಾನವೂ 1979, ಎರಡನ್ನೂ ಒಟ್ಟಿಗೆ ಇಡೋಣ ಎಂದು ಅತ್ಯಂತ ಕೆಳಗಿನ ಕಟ್ಟು ಬಿಚ್ಚಿದೆ. ರಬ್ಬರ್ ಪುಡಿಯಾಗಿತ್ತು.

ನನ್ನ ಚೀಟಿ ಸಿಕ್ಕಿತು. ಎರಡರಿಂದ ಹತ್ತು ನನ್ನ ದಪ್ಪ ಪೆನ್ಸಿಲ್, ಎಡಕ್ಕೆ ವಾಲಿದ ನನ್ನ ಅಕ್ಷರ. ಮೊದಲ ಗೆರೆಯ ಮೇಲೆ ನೀಲಿ ಶಾಯಿಯಲ್ಲಿ ಸ್ಟಾರ್ಜೆಲ್. ಅದೂ ಎಡಕ್ಕೆ ವಾಲಿದೆ, ಆದರೆ ಪ್ರಯತ್ನಪಟ್ಟು ವಾಲಿಸಿದ್ದು. ಬಾಲ ಸುತ್ತುವ ರೀತಿ ಡೊಲೊರೆಸ್‌ಳದು. ನಲವತ್ತೇಳು ವರ್ಷ ಫ್ರಿಜ್ಜಿನ ಮೇಲೆ ಅಂಟಿಸಿದ ಚೀಟಿಗಳಲ್ಲಿ ಓದಿದ ಅಕ್ಷರ, ನನಗೆ ಗೊತ್ತಾಗದೆ ಇರುತ್ತದೆಯೇ.

ಎಲ್ಲ ಕಟ್ಟುಗಳನ್ನೂ ಬಿಚ್ಚಿದೆ. ಇಪ್ಪತ್ತನಾಲ್ಕು ಚೀಟಿ. ಐದರಲ್ಲಿ ಮೊದಲ ಸಾಲು ನನ್ನ ಪೆನ್ಸಿಲ್. ಹತ್ತೊಂಬತ್ತರಲ್ಲಿ ನೀಲಿ ಶಾಯಿ. ಮೊದಮೊದಲು ನನ್ನ ಅಕ್ಷರದ ಹಾಗೆ ಬರೆಯಲು ನೋಡಿದ್ದಾಳೆ. ಹತ್ತು ವರ್ಷವಾದ ಮೇಲೆ ಅದನ್ನೂ ಬಿಟ್ಟು ತನ್ನದೇ ದುಂಡು ಅಕ್ಷರದಲ್ಲಿ ನೆಮ್ಮದಿಯಾಗಿ ಬರೆದಿದ್ದಾಳೆ. ನಾನು ನೋಡುವವನಲ್ಲ ಎಂದು ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಒಂದು ಸಲವೂ ನೋಡಲಿಲ್ಲ.

1960ರ ಕಟ್ಟುಗಳು ಎರಡು. ಎರಡರಲ್ಲೂ ನನ್ನ ಮೊದಲ ಸಾಲು ಖಾಲಿ ಬಿದ್ದಿತ್ತು. ಕ್ಲೆಮೆಂಟೆ ಎಂದು ಬರೆಯಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಹಿಂದಿನ ಸಲವಂತೂ ಏನೂ ಬರೆಯದೆ ಬಿಟ್ಟಿದ್ದರೂ ಕ್ಲೆಮೆಂಟೆಯೇ ಗೆಲ್ಲುತ್ತಿದ್ದ. ಮೂರು ಅಂಕ. ಎರಡರಲ್ಲೂ ನೀಲಿ ಶಾಯಿಯಲ್ಲಿ ಗ್ರೋಟ್ ಎಂದಿದೆ. ಆಮೇಲೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ನಾನು ಅದನ್ನು ಕ್ಲಬ್ಬಿನಲ್ಲಿ ಹೇಳಿಕೊಂಡು ನಕ್ಕಿದ್ದೆ.

ಊಟಕ್ಕೆ ಕೂತಾಗ ಅವಳು ಕೇಳುತ್ತಿದ್ದದ್ದು ಇದಕ್ಕೆ.

ಈ ವರ್ಷದ ಚೀಟಿಯನ್ನು ಬಹಳ ಹೊತ್ತು ನೋಡಿದೆ. ಇಳಿಜಾರಾದ ಗೆರೆ, ಪಕ್ಕದಲ್ಲಿ ಅವಳೇ ಬರೆದ ಒಂದು ಎಂಬ ಅಂಕಿ, ಮುಂದೆ ಏನೂ ಇಲ್ಲ. ಅವಳ ನೀಲಿ ಪೆನ್ನು ಅಡುಗೆಮನೆಯ ಡ್ರಾಯರಿನಲ್ಲಿ ಈಗಲೂ ಇದೆ. ತೆಗೆದೆ. ಬರೆಯುತ್ತದೆ. ಮತ್ತೆ ಡ್ರಾಯರಿನಲ್ಲೇ ಇಟ್ಟೆ.

ಏಪ್ರಿಲ್ 5, ಸೋಮವಾರ

ಇವತ್ತು ಸೀಸನ್ನಿನ ಮೊದಲ ಪಂದ್ಯ, ನಮ್ಮೂರಿನಲ್ಲೇ. ಲೆರಾಯ್ ಫೋನ್ ಮಾಡಿದ್ದ. "ರೇಡಿಯೋ ಹಾಕೋ, ಶುರುವಾಯ್ತು," ಎಂದ. ಹಾಕಿದೆ ಎಂದೆ. ಹಾಕಿರಲಿಲ್ಲ.

ನೀಲಿ ಶಾಯಿಯ ವಿಷಯ ಯಾರಿಗೂ ಹೇಳಿಲ್ಲ. ಹೇಳಿದರೆ ರೀಜಿಸ್ ಹತ್ತೊಂಬತ್ತು ವರ್ಷದ ಲೆಕ್ಕವನ್ನೂ ಹೊಸದಾಗಿ ತೆಗೆಯುತ್ತಾನೆ. ತೆಗೆಯಲಿ, ಅದಕ್ಕಲ್ಲ.

ಮಂಚವನ್ನು ಆಸ್ಪತ್ರೆಯವರು ತೆಗೆದುಕೊಂಡು ಹೋದರು. ಸೋಫಾ ಇನ್ನೂ ಹಿಂದಿನ ವರಾಂಡದಲ್ಲೇ ಇದೆ. ಮುಂದಿನ ಕೋಣೆಯಲ್ಲಿ ಒಂದು ಕುರ್ಚಿ ಹಾಕಿಕೊಂಡು, ಅವಳು ನೋಡುತ್ತಿದ್ದ ಹಾಗೆ, ಅಡುಗೆಮನೆಯ ಕಡೆ ತಿರುಗಿ ಕೂರುತ್ತೇನೆ. ಇಲ್ಲಿಂದ ಎಲ್ಲ ಕಾಣುತ್ತದೆ. ಒಲೆ, ಸಿಂಕು, ಗೋಡೆಯ ಮೇಲಿನ ಇಬ್ಬರು.

ಅವಳು ಹಲ್ಲು ಕಾಣುವ ಹಾಗೆ ನಕ್ಕದ್ದೇ ಕಣ್ಣ ಮುಂದೆ ಬರುತ್ತದೆ. ಇನ್ನು ಚಿಂತೆಯಿಲ್ಲ ಎಂದು ನನ್ನ ಕೈ ತಟ್ಟಿದ್ದು. ನೀನೇ ಬರ್ದೆ ಎಂದು ಅವಳು ಅಂದದ್ದಕ್ಕೆ ನಾನು ಕೊಟ್ಟ ಉತ್ತರವನ್ನು ನಂಬಿಕೊಂಡು ಹೋದಳು.

ಡೊಲೊರೆಸ್, ನಾನು ಬರೆದಿರಲಿಲ್ಲ.